ಅಲುಗಿದ್ದು ಮೇಲೆ, ಬಿರುಕು ಕೆಳಗೆ: ಒಂದು ಹಳೆ ಜೀಪಿನ ಸ್ಟೇರಿಂಗ್ ಪ್ರಕರಣ

ವಿಜಯಪುರದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಜೀಪು, ಟೆಂಪೊ, ಹಳೆ ಡೀಸೆಲ್ ಗಾಡಿಗಳೇ ಜಾಸ್ತಿ ಬರುತ್ತವೆ. ಈ ಕೆಲಸವನ್ನು ಮೊದಲ ಸಲ ನಾನೇ ತಪ್ಪು ಮಾಡಿದೆ, ಎರಡನೇ ಸಲ ಸರಿ ಮಾಡಿದೆ. ತಪ್ಪಿದ್ದು ಎಲ್ಲಿ ಅಂತ ಗೊತ್ತಾದರೆ ಈ ಕಸುಬಿಗೆ ಹೊಸದಾಗಿ ಬಂದ ಹುಡುಗರಿಗೆ, ಹಳೆ ಗಾಡಿ ಇಟ್ಟುಕೊಂಡವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ. ಗಾಡಿಯ ಮಾಲೀಕರ ಹೆಸರು, ಊರು ಹೇಳುವುದಿಲ್ಲ. ಇಂಡಿ ಕಡೆಯ ರೈತರು, ವಯಸ್ಸು ಅರವತ್ತು ದಾಟಿದೆ. ನಾನು ಅವರನ್ನು ಕರೆಯುವುದೇ ಕಾಕಾ ಅಂತ. ಇಲ್ಲಿಯೂ ಹಾಗೇ ಇರಲಿ.

ಗಾಡಿ 1996ರ ಡೀಸೆಲ್ ಜೀಪು, ಮೇಲೆ ರೆಕ್ಸಿನ್ ಹೊದಿಕೆ. ಲಿಂಬೆ ಸೀಸನ್ನಿನಲ್ಲಿ ಹಿಂದಿನ ಸೀಟು ಬಿಚ್ಚಿ ಚೀಲ ತುಂಬುತ್ತಾರೆ. ಉಳಿದ ದಿನ ಮನೆಯವರು, ಮೊಮ್ಮಕ್ಕಳು, ಮದುವೆ, ಜಾತ್ರೆ, ಆಸ್ಪತ್ರೆ ಎಲ್ಲಕ್ಕೂ ಅದೇ. ಇಂಡಿಯಿಂದ ವಿಜಯಪುರಕ್ಕೆ ಸುಮಾರು 50 ಕಿಲೋಮೀಟರ್. ಅದು ಡಾಂಬರು ರಸ್ತೆ, ಅದರ ಚಿಂತೆಯಿಲ್ಲ. ತೋಟದಿಂದ ಡಾಂಬರು ಮುಟ್ಟುವ ತನಕದ ಎರೆಮಣ್ಣಿನ ದಾರಿಯೇ ಗಾಡಿಯನ್ನು ತಿನ್ನುವುದು. ಮಳೆಗಾಲದಲ್ಲಿ ಆಳವಾಗಿ ಬಿದ್ದ ಗಾಲಿಯ ಗೀರು ಬೇಸಿಗೆಯಲ್ಲಿ ಒಣಗಿ ಕಲ್ಲಾಗಿರುತ್ತದೆ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕಾಕಾ ಬಂದರು. ಲಿಂಬೆಗೆ ಒಳ್ಳೆ ರೇಟು ಇರುವ ದಿನಗಳು.

"ಸ್ಟೇರಿಂಗ್ ಗಡಗಡ ಅಂತದ ತಮ್ಮಾ. ಕೈಯಾಗ ಹಿಡದ್ರ ಪೈಪ್ ಸಮೇತ ಕುಣೀತದ. ಮುಂದ ಪಾಸಿಂಗ್‌ಗೂ ಒಯ್ಯಬೇಕು. ಟೈಟ್ ಮಾಡಿ ಕೊಡು."

ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ತಪಾಸಣೆಗೆ ಗಾಡಿ ತೋರಿಸಲೇಬೇಕು, ಪಾಸಿಂಗ್ ಅಂದರೆ ಅದೇ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 98ನೇ ನಿಯಮದಲ್ಲಿ ಸ್ಟೇರಿಂಗ್ ಪ್ಲೇ 30 ಡಿಗ್ರಿ ಮೀರಬಾರದು ಅಂತ ಇದೆ. ಪ್ಲೇ ಅಂದರೆ ಮುಂದಿನ ಗಾಲಿ ಅಲುಗುವ ಮೊದಲು ಸ್ಟೇರಿಂಗ್ ಚಕ್ರ ಸುಮ್ನೆ ತಿರುಗುವಷ್ಟು ಜಾಗ. ಚಕ್ರ 40 ಸೆಂಟಿಮೀಟರ್ ಅಗಲದ್ದಾದರೆ ಅಂಚಿನಲ್ಲಿ 30 ಡಿಗ್ರಿ ಅಂದರೆ ಸುಮಾರು ಹತ್ತೂವರೆ ಸೆಂಟಿಮೀಟರ್. ಸ್ಕೇಲು ಹಿಡಿದು ನೋಡಿದೆ. ಒಂಬತ್ತು ಬಂತು. ನಿಯಮದ ಒಳಗೇ ಇತ್ತು, ಆದರೆ ಗೆರೆಯ ಪಕ್ಕದಲ್ಲೇ.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು, ನಾನು ಎಡವಿದ್ದು ಇಲ್ಲಿಯೇ. 'ಸ್ಟೇರಿಂಗ್ ಲೂಸ್ ಆಗಿದೆ' ಅಂತ ಗಿರಾಕಿ ಹೇಳಿದಾಗ ಅದರಲ್ಲಿ ಎರಡು ಬೇರೆ ಬೇರೆ ರೋಗ ಇರಬಹುದು. ಒಂದು, ಚಕ್ರ ತಿರುಗುವ ದಿಕ್ಕಿನಲ್ಲಿ ಸಡಿಲ. ಅದೇ ಪ್ಲೇ. ಇನ್ನೊಂದು, ಚಕ್ರವನ್ನು ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಎಳೆದರೆ ಪೂರ್ತಿ ಕಾಲಂ, ಅಂದರೆ ಚಕ್ರದಿಂದ ಕೆಳಗಿಳಿಯುವ ಪೈಪು ಮತ್ತು ಅದರೊಳಗಿನ ಶಾಫ್ಟು, ಅಲುಗುವುದು. ಮೊದಲನೆಯದಕ್ಕೆ ಸ್ಟೇರಿಂಗ್ ಬಾಕ್ಸ್ (ಕಾಲಂನ ಬುಡದಲ್ಲಿ ಚಕ್ರದ ತಿರುವನ್ನು ಗಾಲಿಯ ಕಡೆಗೆ ಕಳಿಸುವ ಹಲ್ಲಿನ ಪೆಟ್ಟಿಗೆ), ಬಾಲ್ ಜಾಯಿಂಟ್, ಎರಡು ಗಾಲಿ ಜೋಡಿಸುವ ಟೈ ರಾಡ್ ನೋಡುತ್ತೇವೆ. ಎರಡನೆಯದಕ್ಕೆ ಶಾಫ್ಟನ್ನು ಪೈಪಿನ ನಡುವೆ ಹಿಡಿಯುವ ಮೇಲಿನ ಬುಶ್, ಡ್ಯಾಶ್‌ಬೋರ್ಡಿನ ಕ್ಲ್ಯಾಂಪ್ ನೋಡುತ್ತೇವೆ. ಈ ಜೀಪಿನಲ್ಲಿ ಎರಡೂ ಇದ್ದವು. ಎರಡಕ್ಕೂ ಬೇರು ಒಂದೇ ಇರಬಹುದು ಅನ್ನುವುದು ನನಗೆ ಹೊಳೆಯಲಿಲ್ಲ.

ಕ್ಲ್ಯಾಂಪ್ ಬಿಚ್ಚಿದಾಗ ನಗು ಬಂತು. ಕಾಲಂಗೆ ಸೈಕಲ್ ಟ್ಯೂಬು ಮೂರು ಸುತ್ತು ಸುತ್ತಿದ್ದರು. ಅದರ ಕೆಳಗೆ ಲುಂಗಿಯ ಬಟ್ಟೆ. ಅದರ ಕೆಳಗೆ ಎಣ್ಣೆ ಡಬ್ಬಿಯ ತಗಡಿನ ತುಂಡು, ಅದರ ಮೇಲಿನ ನೀಲಿ ಬಣ್ಣ ಇನ್ನೂ ಹೋಗಿರಲಿಲ್ಲ. ವರ್ಷ ವರ್ಷ ಯಾರೋ ಒಂದೊಂದು ಪದರ ಸೇರಿಸಿದ್ದಾರೆ. ಇಷ್ಟು ಪದರ ಸೇರಿದರೂ ಕ್ಲ್ಯಾಂಪ್ ಯಾಕೆ ಮತ್ತೆ ಮತ್ತೆ ಸಡಿಲ ಆಗುತ್ತಿದೆ ಅಂತ ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ಇನ್ನೊಂದು ಸುಳಿವನ್ನೂ ಕಾಕಾ ತಾವಾಗಿಯೇ ಕೊಟ್ಟಿದ್ದರು. ಹಾರ್ನಿನ ವಾಯರ್ ಕಿತ್ತು ಟೇಪು ಸುತ್ತಿ ಬಿಟ್ಟಿದ್ದರು. ಯಾಕೆ ಅಂದರೆ, "ಎಡಕ್ಕ ಹೊಳ್ಳಿಸಿದ್ರ ತಾನ ಬಡ್ಕೋತದ. ರಾತ್ರಿ ಊರಾಗ ಮಂದಿ ಬೈತಾರ." ಈ ಜೀಪಿನಲ್ಲಿ ಹಾರ್ನಿನ ವಾಯರ್ ಕಾಲಂನ ಒಳಗಿನಿಂದ ಮೇಲೆ ಬರುತ್ತದೆ. ಬಟನ್ ಒತ್ತಿದರೆ ಅದಕ್ಕೆ ಅರ್ಥ್ (ಗಾಡಿಯ ಕಬ್ಬಿಣದ ಸಂಪರ್ಕ) ಸಿಕ್ಕು ಹಾರ್ನ್ ಕೂಗುತ್ತದೆ. ವಾಯರ್ ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗಿದರೂ ಅಷ್ಟೇ. ಅಂದರೆ ಒಳಗಿನ ಶಾಫ್ಟ್ ಹೊರಗಿನ ಪೈಪಿನ ನಡುಮಧ್ಯದಲ್ಲಿ ಇಲ್ಲ, ಒಂದು ಕಡೆಗೆ ಒತ್ತಿಕೊಂಡು ಕೂತಿದೆ. ಅದೂ ಎಡಕ್ಕೆ ತಿರುಗಿಸಿದಾಗ ಮಾತ್ರ. ನಾನು ಇದನ್ನು ವಾಯರಿಂಗ್ ಕೆಲಸ ಅಂತ ಆಚೆ ಇಟ್ಟೆ.

ಮೊದಲ ರಿಪೇರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಚಕ್ರಕ್ಕೂ ಶಾಫ್ಟಿಗೂ ಸೇರಿ ಒಂದು ಗುರುತು ಹಾಕಿ, ಪುಲ್ಲರ್ (ಎಳೆದು ಕಳಚುವ ಸಾಧನ) ಹಚ್ಚಿ ಚಕ್ರ ತೆಗೆದೆ. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆಯುವ ಚಾಳಿ ನಮ್ಮಲ್ಲಿ ಬಹಳ. ಹೊಡೆಯಬಾರದು. ಈ ಜೀಪಿನಲ್ಲಿ ಚಕ್ರದಿಂದ ಬಾಕ್ಸಿನ ತನಕ ಒಂದೇ ಉದ್ದನೆಯ ಶಾಫ್ಟು, ಪೆಟ್ಟು ನೇರ ಕೆಳಗಿನ ಬೇರಿಂಗಿಗೆ ಬೀಳುತ್ತದೆ. ಈಗಿನ ಕಾರುಗಳಲ್ಲಂತೂ ಅಪಘಾತದಲ್ಲಿ ಒಳಗೆ ಕುಗ್ಗುವ ಹಾಗೆ ಮಾಡಿದ ಕಾಲಂ ಇರುತ್ತದೆ, ಸುತ್ತಿಗೆ ಬಿದ್ದರೆ ಅದು ಹಾಳು. ಏರ್‌ಬ್ಯಾಗ್ ಇದ್ದ ಚಕ್ರವನ್ನು ತಿಳಿಯದವರು ಮುಟ್ಟುವುದೇ ಬೇಡ.

ಮೇಲಿನ ಬುಶ್ ಕೈಗೆ ಪುಡಿಪುಡಿಯಾಗಿ ಬಂತು. ನನಗೆ ಸಮಾಧಾನ ಆಯಿತು, ಕಳ್ಳ ಸಿಕ್ಕ ಅಂತ. ಹೊಸ ಬುಶ್ ಹಾಕಿದೆ. ಕ್ಲ್ಯಾಂಪಿಗೆ ಸರಿಯಾದ ರಬ್ಬರ್ ಹಾಕಿ ಬಿಗಿದೆ. ಬಾಕ್ಸಿನ ಮೇಲಿನ ಅಡ್ಜಸ್ಟ್ ಸ್ಕ್ರೂ ತಿರುಗಿಸಿ ಪ್ಲೇಯನ್ನು ನಾಲ್ಕು ಸೆಂಟಿಮೀಟರಿಗೆ ಇಳಿಸಿದೆ. 90 ನಂಬರ್ ಆಯಿಲ್ ತುಂಬಿದೆ. ಸಂಜೆಗೆ ಗಾಡಿ ಕೊಟ್ಟೆ. ಸ್ಟೇರಿಂಗ್ ಕಲ್ಲಿನ ಹಾಗೆ ನಿಂತಿತ್ತು. ಕಾಕಾ ಖುಷಿಯಿಂದ ಹೋದರು.

ಇಪ್ಪತ್ತೆರಡನೇ ದಿನ ವಾಪಸ್ ಬಂದರು. ಈ ಸಲ ಖುಷಿ ಇರಲಿಲ್ಲ.

ಸ್ಟೇರಿಂಗ್ ಭಾರ ಆಗಿದೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ವಾಪಸ್ ಬರುವುದಿಲ್ಲ, ಎಳೆದು ತರಬೇಕು. ಪ್ಲೇ ಮತ್ತೆ ಎಂಟು ಸೆಂಟಿಮೀಟರ್. ಕಾಲಂ ಮತ್ತೆ ಅಲುಗುತ್ತಿದೆ. ಅದರ ಮೇಲೆ ಹೊಸದೊಂದು: ಡ್ಯಾಶ್‌ಬೋರ್ಡಿಗೆ ಕ್ಲ್ಯಾಂಪ್ ಹಿಡಿಯುವ ಪಟ್ಟಿಯ ವೆಲ್ಡಿಂಗ್ ಒಂದು ಕಡೆ ಸೀಳಿದೆ. ಊರಲ್ಲಿ ಯಾರೋ, "ಪೈಪ್ ಡ್ಯಾಶ್‌ಬೋರ್ಡಿಗೇ ವೆಲ್ಡ್ ಹೊಡಸಿಬಿಡ್ರಿ, ಜಲ್ಮಕ್ಕ ಅಲಗಂಗಿಲ್ಲ" ಅಂದಿದ್ದರಂತೆ. ಕಾಕಾ ಅದನ್ನೇ ಮಾಡು ಅಂದರು. ನಾಳೆ ಮಾರ್ಕೆಟ್ಟಿಗೆ ಮಾಲು ಹೋಗಬೇಕು, ಅರ್ಧ ಗಂಟೆಯ ಕೆಲಸ ಅಲ್ವಾ ಅಂತ.

ನನ್ನ ಕೈಯಲ್ಲಿ ವೆಲ್ಡಿಂಗ್ ಹೋಲ್ಡರ್ ಇತ್ತು ಅಂತಲೇ ಹೇಳಬೇಕು. ಸೀಳಿದ ಪಟ್ಟಿಗೆ ಒಂದು ಹೊಲಿಗೆ ಹಾಕಿ ಕಳಿಸುವುದು ಸುಲಭ ಇತ್ತು. ತಡೆದದ್ದು ಆ ಸೀಳೇ. ಗಟ್ಟಿಯಾಗಿ ಹಿಡಿದ ಪಟ್ಟಿ ಇಪ್ಪತ್ತೆರಡು ದಿನದಲ್ಲಿ ಹರಿದಿದೆ ಅಂದರೆ ಅದನ್ನು ಯಾವುದೋ ಜೋರಾಗಿ ಎಳೆಯುತ್ತಿದೆ. ಡ್ರೈವರ್ ಕೈಗೆ ಅಷ್ಟು ಬಲ ಇಲ್ಲ. ಮೊದಲು ಸೈಕಲ್ ಟ್ಯೂಬು ಆ ಎಳೆತವನ್ನು ನುಂಗುತ್ತಿತ್ತು. ನಾನು ಟ್ಯೂಬು ತೆಗೆದು ಬಿಗಿ ಮಾಡಿದೆ, ಎಳೆತ ಪಟ್ಟಿಯ ಮೇಲೆ ಬಿತ್ತು.

ಕೆಲಸಕ್ಕಿದ್ದ ಹುಡುಗನನ್ನು ಗಾಡಿಯ ಕೆಳಗೆ ಕಳಿಸಿದೆ. ಜಾಕಿ ಹಚ್ಚಲಿಲ್ಲ. ಗಾಲಿ ನೆಲದ ಮೇಲೇ ಇರಬೇಕು, ಆಗಲೇ ಬಾಕ್ಸಿನ ಮೇಲೆ ಪೂರ್ತಿ ಭಾರ ಬೀಳುವುದು. ಎಂಜಿನ್ ಬಂದ್, ಗಾಲಿಗೆ ಕಲ್ಲು. ನಾನು ಸೀಟಿನಲ್ಲಿ ಕೂತು ಚಕ್ರವನ್ನು ಎಡಕ್ಕೆ ಬಲಕ್ಕೆ ಗೇಣಷ್ಟು ಆಡಿಸಿದೆ.

"ಏನರೆ ಕಾಣ್ತದೇನೋ?"

"ಎಲ್ಲಾ ಮಣ್ಣ ಅದ ಉಸ್ತಾದ್."

"ಕೆರದು ನೋಡು. ಬೆರಳು ಅರ್ಧ ಬಾಕ್ಸ್ ಮ್ಯಾಲ, ಅರ್ಧ ಚೆಸ್ಸಿ ಮ್ಯಾಲ ಇಡು."

ಸ್ಕ್ರೂ ಡ್ರೈವರಿನಿಂದ ಕೆರೆಯುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಎರೆಮಣ್ಣು, ಗ್ರೀಸು ಸೇರಿ ಒಣಗಿದರೆ ಡಾಂಬರಿನ ಹಾಗೆ ಆಗುತ್ತದೆ, ಹಕ್ಕಳೆಯಾಗಿ ಏಳುತ್ತದೆ. ಮತ್ತೆ ಚಕ್ರ ಆಡಿಸಿದೆ.

"ಉಸ್ತಾದ್, ಬಾಕ್ಸ್ ಕುಣ್ಯಾಕತ್ತದ."

ನಾನೂ ಇಳಿದು ಮಲಗಿದೆ. ಕಣ್ಣಿಗೆ ಅಷ್ಟೇನೂ ಕಾಣುವುದಿಲ್ಲ. ಬೆರಳಿಗೆ ಮಾತ್ರ ಸ್ಪಷ್ಟ. ಬಾಕ್ಸು ಚೆಸ್ಸಿಯಿಂದ, ಅಂದರೆ ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿನಿಂದ, ಎರಡು ಮಿಲಿಮೀಟರಿನಷ್ಟು ಏಳುತ್ತದೆ, ಕೂರುತ್ತದೆ. ಬಾಕ್ಸ್ ಹಿಡಿಯುವ ಬೋಲ್ಟು ಮೂರು. ಹಿಂದಿನದರ ಸ್ಪ್ರಿಂಗ್ ವಾಶರ್ ಮುರಿದಿತ್ತು. ಆ ಬೋಲ್ಟಿನ ತಲೆಯ ಬಳಿ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಾಗ ಚೆಸ್ಸಿಯ ಮೇಲೆ ಕೂದಲಿನಂತಹ ಕಪ್ಪು ಗೆರೆ ಕಂಡಿತು. ತೂತಿನಿಂದ ಶುರುವಾಗಿ ಎರಡು ಬೆರಳಿನಷ್ಟು ಮುಂದೆ ಹೋಗಿತ್ತು.

ಕಾಲಂ ಮೂರು ಅಡಿ ಉದ್ದ. ಅದರ ಪೈಪು ಕೆಳಗೆ ಬಾಕ್ಸಿಗೆ ಗಟ್ಟಿಯಾಗಿ ಕೂತಿರುತ್ತದೆ. ಬಾಕ್ಸಿನ ಬೋಲ್ಟುಗಳ ನಡುವಿನ ಅಂತರ ಹತ್ತು ಸೆಂಟಿಮೀಟರ್ ಇದ್ದು, ಅಲ್ಲಿ ಎರಡು ಮಿಲಿಮೀಟರ್ ಎದ್ದರೆ ಮೇಲೆ ಒಂಬತ್ತು ಪಟ್ಟು ಆಗುತ್ತದೆ. ಜೋಳದ ದಂಟಿನ ಬುಡ ಅಲುಗಿಸಿದರೆ ತೆನೆ ತೂಗುತ್ತದಲ್ಲ, ಹಾಗೆ. ನಾವೆಲ್ಲ ವರ್ಷಗಟ್ಟಲೆ ತೆನೆಗೆ ಬಟ್ಟೆ ಸುತ್ತುತ್ತಾ ಕೂತಿದ್ದೆವು. ಎಡಕ್ಕೆ ತಿರುಗಿಸಿದಾಗ ಹಾರ್ನ್ ಕೂಗುತ್ತಿದ್ದದ್ದೂ ಇದಕ್ಕೇ. ಬಾಕ್ಸ್ ವಾಲಿದಾಗ ಪೈಪಿನ ಮೇಲ್ತುದಿಯನ್ನು ಕ್ಲ್ಯಾಂಪ್ ಹಿಡಿದು ನಿಲ್ಲಿಸುತ್ತಿತ್ತು, ಪೈಪು ಬಾಗುತ್ತಿತ್ತು, ಒಳಗಿನ ಶಾಫ್ಟು ಪಕ್ಕಕ್ಕೆ ಒತ್ತುತ್ತಿತ್ತು. ಬುಶ್ ಪುಡಿಯಾದದ್ದೂ ಹಾಗೇ.

ಅಂದರೆ ಬುಶ್ ಹೋಗಿದ್ದು ಸುಳ್ಳಲ್ಲ. ನಾನು ಮೋಸ ಹೋದದ್ದು ಅದು ನಿಜ ಆಗಿದ್ದರಿಂದಲೇ. ಏನೂ ಸಿಗದಿದ್ದರೆ ಇನ್ನೂ ಹುಡುಕುತ್ತಿದ್ದೆ. ಕಣ್ಣೆದುರು ಒಂದು ಹಾಳಾದ ಸಾಮಾನು ಸಿಕ್ಕಿತು, ಹುಡುಕುವುದು ನಿಲ್ಲಿಸಿದೆ. ಅಡ್ಜಸ್ಟ್ ಸ್ಕ್ರೂ ಬಿಗಿದದ್ದು ಇನ್ನೂ ಕೆಟ್ಟ ನಿರ್ಧಾರ. ಪ್ಲೇಯ ಅರ್ಧ ಪಾಲು ಬಾಕ್ಸ್ ಅಲುಗುವುದರಿಂದ ಬರುತ್ತಿತ್ತು. ಅದನ್ನು ಬಾಕ್ಸಿನ ಒಳಗಿನ ಹಲ್ಲು ಬಿಗಿದು ತುಂಬಿಸಲು ಹೋದೆ. ಒಳಗೆ ಬಿಗಿಯಾಯಿತು, ತಿರುಗಿಸಲು ಜಾಸ್ತಿ ಬಲ ಬೇಕಾಯಿತು, ಆ ಬಲವೆಲ್ಲ ಅದೇ ಬಿರುಕಿನ ಮೇಲೆ ಬಿತ್ತು.

ಕಾಕಾಗೆ ಹೇಳಿದೆ. ಗಾಡಿ ಬಿಡುವುದಿಲ್ಲ, ಮೂರು ದಿನ ಬೇಕು ಅಂತ. ಅವರ ಮುಖದಲ್ಲಿ ಬಂದದ್ದು ಅನುಮಾನ. ತಪ್ಪೇನಿಲ್ಲ. ಹೋದ ಸಲ ಬುಶ್ ಅಂದವನು ಈಗ ಚೆಸ್ಸಿ ಅಂದರೆ ಯಾರಿಗಾದರೂ ಬರುತ್ತದೆ. ಮಾತು ಬೆಳೆಸಲಿಲ್ಲ. ಮುಂದಿನ ಮಡ್‌ಗಾರ್ಡ್ ಬಿಚ್ಚಿದೆ, ಪಕ್ಕದಿಂದ ಕೈ ಹೋಗುವಷ್ಟು ಜಾಗ ಆಯಿತು. ಕಾಕಾರ ಬೆರಳನ್ನೇ ಆ ಸಂದಿನ ಮೇಲೆ ಇಟ್ಟು, ಹುಡುಗನಿಗೆ ಚಕ್ರ ಆಡಿಸಲು ಹೇಳಿದೆ. ನಾಲ್ಕೈದು ಸಲ ಆಡಿಸಿದ.

"ಇದ್ರಾಗ ಹುಡುಗೋರ್ನ ಕುಂಡ್ರಿಸ್ಕೊಂಡು ತಿರಗೀನಲ್ಲೋ ತಮ್ಮಾ," ಅಂದರು. ಆಮೇಲೆ ಫೋನು ತೆಗೆದು ಮಾಲಿಗೆ ಒಂದು ಬಾಡಿಗೆ ಟೆಂಪೊ ಹೇಳಿದರು.

ಮೊದಲ ಸಲದ ಮಜೂರಿ ವಾಪಸ್ ಕೊಟ್ಟೆ. ಈ ಸಲ ಸಾಮಾನು ಮತ್ತು ವೆಲ್ಡಿಂಗ್ ಹಣ ಮಾತ್ರ ತೆಗೆದುಕೊಳ್ಳುತ್ತೇನೆ ಅಂದೆ. ಇದು ದೊಡ್ಡಸ್ತಿಕೆಗಲ್ಲ. ತಪ್ಪು ತನ್ನದು ಅಂತ ಮೇಸ್ತ್ರಿ ಒಪ್ಪಿಕೊಳ್ಳದಿದ್ದರೆ ಗಿರಾಕಿ ಮುಂದಿನ ಗ್ಯಾರೇಜಿಗೆ ಹೋಗಿ ಮತ್ತೆ ಬುಶ್ ಹಾಕಿಸುತ್ತಾನೆ.

ಬಾಕ್ಸು ಪೂರ್ತಿ ಇಳಿಸಿದೆವು. ಬಾಕ್ಸಿನಿಂದ ಹೊರಬರುವ ಕೆಳಗಿನ ತೋಳು, ಪಿಟ್‌ಮನ್ ಆರ್ಮ್, ತೆಗೆಯುವ ಮೊದಲು ಅದಕ್ಕೂ ಗುರುತು. ಬಾಕ್ಸ್ ಹೊರಗೆ ಬಂದ ಮೇಲೆ ಕತೆಯ ಹಿಂದಿನ ಭಾಗ ಗೊತ್ತಾಯಿತು. ಚೆಸ್ಸಿಯ ತೂತು ಡ್ರಿಲ್ಲಿನದಲ್ಲ. ಗ್ಯಾಸ್ ಕಟಿಂಗಿನಿಂದ ಅಗಲ ಮಾಡಿದ್ದರು, ಅಂಚು ಇಲಿ ಕಡಿದ ರೊಟ್ಟಿಯ ಹಾಗಿತ್ತು. ಕಾಕಾಗೆ ಆಗ ನೆನಪಾಯಿತು. ಏಳೆಂಟು ವರ್ಷದ ಹಿಂದೆ ಎಲ್ಲೋ ಒಂದು ಹಳೆ ಬಾಕ್ಸ್ ತಂದು ಕೂರಿಸಿದ್ದರಂತೆ. ಅದರ ತೂತು ಇದಕ್ಕೆ ಸರಿ ಹೊಂದಿರಲಿಲ್ಲ, ಗ್ಯಾಸ್ ಹಿಡಿದು ಹೊಂದಿಸಿದ್ದಾರೆ. ಬಿರುಕು ಹುಟ್ಟುವುದು ಇಂಥ ಒರಟು ಅಂಚಿನಲ್ಲೇ.

ವೆಲ್ಡಿಂಗಿಗೆ ಮೊದಲು ಬ್ಯಾಟರಿ ವಾಯರ್ ತೆಗೆದು, ಹತ್ತಿರದ ಬ್ರೇಕ್ ಪೈಪನ್ನು ಬಿಚ್ಚಿ ಸರಿಸಿದೆವು. ಬಿರುಕು ಮುಗಿಯುವ ತುದಿ ಹುಡುಕಿ ಅಲ್ಲಿ ಸಣ್ಣ ತೂತು ಕೊರೆದೆ. ಹಾಗೆ ಮಾಡದೆ ಮೇಲಿಂದ ವೆಲ್ಡ್ ಹೊಡೆದರೆ ಬಿರುಕು ಹೊಲಿಗೆಯ ಆಚೆ ಮತ್ತೆ ಓಡುತ್ತದೆ. ಗೆರೆಯುದ್ದಕ್ಕೂ ಗ್ರೈಂಡರಿನಿಂದ ವಿ ಆಕಾರದ ಕಾಲುವೆ ಮಾಡಿ, ಒಣಗಿಸಿದ 7018 ನಂಬರಿನ ವೆಲ್ಡಿಂಗ್ ರಾಡಿನಿಂದ ತುಂಬಿದೆವು. ವೆಲ್ಡರ್ ನಮ್ಮ ಪಕ್ಕದ ಶೆಡ್ಡಿನವನು, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವನು. ಅವನ ಕೈ ನನ್ನ ಕೈಗಿಂತ ನೂರು ಪಾಲು ಮೇಲು, ಹಾಗಾಗಿ ಹೋಲ್ಡರ್ ಅವನಿಗೇ ಕೊಟ್ಟೆ. ಬೋಲ್ಟಿನ ತಲೆ ಕೂರುವ ಕಡೆಗೆ ಐದು ಮಿಲಿಮೀಟರ್ ದಪ್ಪದ ಪ್ಲೇಟು ಹಚ್ಚಿದೆವು. ಪ್ಲೇಟಿನ ತುದಿಗಳನ್ನು ಓರೆಯಾಗಿ ಕತ್ತರಿಸಿದೆ. ನೇರ ಕತ್ತರಿಸಿ ಅಡ್ಡ ವೆಲ್ಡ್ ಹೊಡೆದರೆ ಚೆಸ್ಸಿ ನಾಳೆ ಅದೇ ಗೆರೆಯಲ್ಲಿ ಮುರಿಯುತ್ತದೆ. ಗ್ಯಾಸಿನ ತೂತುಗಳಿಗೆ ಲೇತ್‌ನಲ್ಲಿ ಮಾಡಿಸಿದ ಉಕ್ಕಿನ ಕೊಳವೆ ಕೂರಿಸಿದೆವು. ಅದು ಚೆಸ್ಸಿಯ ಎರಡೂ ಗೋಡೆ ದಾಟುತ್ತದೆ. ಬೋಲ್ಟು ಎಷ್ಟು ಬಿಗಿದರೂ ಚೆಸ್ಸಿ ಒಳಗೆ ಚಪ್ಪಟೆ ಆಗುವುದಿಲ್ಲ. ಹೊಸ ಬೋಲ್ಟು 10.9 ಗ್ರೇಡಿನವು (ಹೆಚ್ಚು ಬಲ ತಡೆಯುವ ಉಕ್ಕಿನವು), ಪ್ಲೇಟಿನ ದಪ್ಪ ಲೆಕ್ಕ ಹಿಡಿದು ಸ್ವಲ್ಪ ಉದ್ದದವು. ತಲೆಯ ಮೇಲೆ ನಂಬರ್ ಇಲ್ಲದ ಬೋಲ್ಟನ್ನು ಸ್ಟೇರಿಂಗಿಗೆ ಹಾಕಲೇಬಾರದು.

ಇಷ್ಟೆಲ್ಲ ವೆಲ್ಡರ್ ಕೆಲಸ. ನನ್ನ ಕೆಲಸದಲ್ಲಿ ಮುಖ್ಯ ಅನ್ನಿಸಿದ್ದು ಬಿಗಿಯುವ ಕ್ರಮ. ಮೊದಲು ಡ್ಯಾಶ್‌ಬೋರ್ಡಿನ ಕ್ಲ್ಯಾಂಪ್ ಪೂರ್ತಿ ಸಡಿಲ ಬಿಟ್ಟು, ಕಾಲಂ ತನ್ನಷ್ಟಕ್ಕೆ ಒರಗಲು ಬಿಟ್ಟೆ. ಆಮೇಲೆ ಬಾಕ್ಸಿನ ಮೂರೂ ಬೋಲ್ಟು ಬಿಗಿದೆ. ಆಗ ಕಾಲಂ ಎಲ್ಲಿ ಬಂದು ನಿಂತಿತೋ ಅಲ್ಲಿಗೆ ಕ್ಲ್ಯಾಂಪನ್ನು ತಂದೆ, ಕಾಲಂ ಅನ್ನು ಕ್ಲ್ಯಾಂಪಿನ ಕಡೆಗೆ ಎಳೆಯಲಿಲ್ಲ. ಕಾಲಂ ಕ್ಲ್ಯಾಂಪಿಗಿಂತ ಬೆರಳಿನಷ್ಟು ಎಡಕ್ಕಿತ್ತು. ಕ್ಲ್ಯಾಂಪಿನ ಪಟ್ಟಿಯ ತೂತನ್ನೇ ಸರಿಸಿ ಕೊರೆದೆ. ಹಿಂದೆ ಎಲ್ಲರೂ, ನಾನೂ ಸೇರಿ, ಇದನ್ನು ಉಲ್ಟಾ ಮಾಡಿದ್ದೆವು. ಮೇಲೆ ಬಿಗಿದು, ಕೆಳಗಿನದು ಹೇಗಿದೆಯೋ ಹಾಗೆ ಬಿಟ್ಟಿದ್ದೆವು.

ಅಡ್ಜಸ್ಟ್ ಸ್ಕ್ರೂ ಕೊನೆಗೆ. ಗಾಲಿ ನೇರ ಇಟ್ಟು, ಪಿಟ್‌ಮನ್ ಆರ್ಮಿನಿಂದ ಗಾಲಿಯ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಬಿಚ್ಚಿ, ಬಾಕ್ಸನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಸರಿ ನಡುವೆ ನಿಲ್ಲಿಸಿ ಅಡ್ಜಸ್ಟ್ ಮಾಡಿದೆ. ಬಾಕ್ಸು ನಡುವಿನಲ್ಲೇ ಅತಿ ಬಿಗಿ ಇರುತ್ತದೆ. ಪಕ್ಕಕ್ಕೆ ತಿರುಗಿದ್ದಾಗ ಪ್ಲೇ ಕಡಿಮೆ ಮಾಡಿದರೆ ನೇರ ಓಡಿಸುವಾಗ ಹಿಡಿದುಕೊಳ್ಳುತ್ತದೆ. ಲಿಂಕ್ ಹಚ್ಚಿ, ಸ್ಪ್ಲಿಟ್ ಪಿನ್ ಹಾಕಿ ಅಳೆದೆ. ಮೂರು ಸೆಂಟಿಮೀಟರ್, ಅಂದರೆ ಒಂಬತ್ತು ಡಿಗ್ರಿಯ ಒಳಗೆ. ಇನ್ನೂ ಕಡಿಮೆ ಮಾಡಬಹುದಿತ್ತು. ಮಾಡಲಿಲ್ಲ. ಹಳೆ ಬಾಕ್ಸಿಗೆ ಸ್ವಲ್ಪ ಉಸಿರಾಡಲು ಬಿಡಬೇಕು.

ಈಗ ಲೂಸ್ ಸ್ಟೇರಿಂಗ್ ಅಂತ ಯಾವ ಹಳೆ ಗಾಡಿ ಬಂದರೂ ನಾನು ಮೊದಲು ಕೆಳಗೆ ಮಲಗುತ್ತೇನೆ. ಒಬ್ಬರು ಮೇಲೆ ಚಕ್ರ ಆಡಿಸಬೇಕು, ಒಬ್ಬರು ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಒಂದೊಂದು ಜೋಡಣೆಗೂ ಬೆರಳಿಟ್ಟು ಬರಬೇಕು: ಟೈ ರಾಡಿನ ತುದಿ, ಡ್ರ್ಯಾಗ್ ಲಿಂಕ್, ಪಿಟ್‌ಮನ್ ಆರ್ಮ್, ಬಾಕ್ಸು ಮತ್ತು ಚೆಸ್ಸಿಯ ಸಂದು, ನಡುವೆ ಯು ಜಾಯಿಂಟ್ ಇದ್ದ ಗಾಡಿಯಾದರೆ ಅದು. ಕೊನೆಗೆ ಬುಶ್ ಮತ್ತು ಕ್ಲ್ಯಾಂಪ್. ಹತ್ತು ನಿಮಿಷ ಸಾಕು. ಮಣ್ಣು ತೊಳೆಯದೆ ಮಾತ್ರ ನೋಡಬಾರದು. ಗಿರಾಕಿ ಸಂಬಂಧ ಇಲ್ಲದ ಮಾತು ಆಡುತ್ತಿದ್ದಾನೆ ಅನ್ನಿಸಿದರೂ ಕೇಳಿಸಿಕೊಳ್ಳುತ್ತೇನೆ. ಆ ಹಾರ್ನಿನ ಮಾತನ್ನು ಅವತ್ತೇ ಹಿಡಿದಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಗಾಡಿ ಕೊಡುವಾಗ ಮೂರೂ ಬೋಲ್ಟಿನ ತಲೆಯಿಂದ ಪ್ಲೇಟಿನ ಮೇಲಕ್ಕೆ ಒಂದೊಂದು ಬಿಳಿ ಪೇಂಟಿನ ಗೆರೆ ಎಳೆದೆ. ಬೋಲ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿಯುತ್ತದೆ, ಪಾನಾ ಹಚ್ಚದೆ ಗೊತ್ತಾಗುತ್ತದೆ. ಹಾರ್ನಿನ ವಾಯರನ್ನೂ ಹೊಸದು ಎಳೆದೆ. ಹದಿನೈದು ದಿನ ಬಿಟ್ಟು ಕಾಕಾ ಬಂದಾಗ ಹಿಂದಿನ ಬೋಲ್ಟಿನ ಗೆರೆ ಕೂದಲೆಳೆಯಷ್ಟು ಸರಿದಿತ್ತು. ಹೊಸ ಪ್ಲೇಟು ಕೂರುವಾಗ ಅಷ್ಟು ಆಗುತ್ತದೆ. ಬಿಗಿದು ಹೊಸ ಗೆರೆ ಎಳೆದೆ. ಮಳೆಗಾಲ ಮುಗಿದ ಮೇಲೆ ಮತ್ತೆ ಬಂದರು, ಗೆರೆ ಇದ್ದಲ್ಲೇ ಇತ್ತು. ಅಷ್ಟರಲ್ಲಿ ಕಾಕಾ ತಾವೇ ಗಾಡಿ ತೊಳೆದಾಗೊಮ್ಮೆ ಬಗ್ಗಿ ನೋಡುವುದು ಕಲಿತಿದ್ದರು. "ಗೆರಿ ಕೂಡೇದ ತಮ್ಮಾ, ನೀ ಮಲಗೂದ ಬ್ಯಾಡ," ಅಂದರು. ನಾನು ಮಲಗಿ ನೋಡಿದೆ.